ಅಳುಮುಖ ಒತ್ತಿದ್ದು ನಾನೇ

ಮೊಮ್ಮಗಳ ಹೆಸರು ಪರ್ತ್‌ಗೆ ಹೋಗುವವರ ಪಟ್ಟಿಯಿಂದ ಬಿದ್ದುಹೋದದ್ದಕ್ಕೆ ಅವಳ ಕಾಲು ಕಾರಣವಲ್ಲ, ಯಂತ್ರವೂ ಕಾರಣವಲ್ಲ, ನಾನು ಕಾರಣ. ಮನೆಯಲ್ಲಿ ಮರ್ಯಾದೆಗೆ ಬೇರೆ ಏನೇನೋ ಹೇಳುತ್ತಾರೆ, ನಂಬಬೇಡಿ.

ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ಮಗಳು ಸುಧಾಳ ಮನೆಯಲ್ಲಿದ್ದೇನೆ. ಅವಳ ಮಗಳು ಇಂಚರಾ ಎಂಟುನೂರು ಮೀಟರ್ ಓಡುತ್ತಾಳೆ. ನಮ್ಮ ಕಾಲದಲ್ಲಿ ಬಸ್ಸು ಹೊರಟುಬಿಟ್ಟರೆ ಓಡುತ್ತಿದ್ದೆವು. ಇಲ್ಲಿ ಓಡುವುದಕ್ಕೆ ಎದೆಗೊಂದು ಪಟ್ಟಿ, ಕೈಗೊಂದು ಗಡಿಯಾರ. ಎದೆ ಎಷ್ಟು ಬಡಿಯಿತು, ಎಷ್ಟು ಹೊತ್ತು ಮಲಗಿದಳು, ಎಲ್ಲವೂ ಬ್ರಿಸ್ಬೇನಿನಲ್ಲಿ ಕುಳಿತು ಸಂಶೋಧನೆ ಮಾಡುವವರಿಗೆ, ಅಲ್ಲಿಂದ ಅವಳ ಕೋಚ್‌ಗೆ ಹೋಗುತ್ತದಂತೆ. ಬೆಳಗಿನ ಕಾಫಿ ಹಿಡಿದು ಹಿತ್ತಿಲಲ್ಲಿ ಕೂತರೆ ನನಗೆ ಅದೇ ಯೋಚನೆ. ನೀಲಗಿರಿ ಮರದಿಂದ ಬಿಳಿ ಗಿಳಿಗಳ ಹಿಂಡು ಏಳುವಾಗ, ಹುಡುಗಿಯ ಎದೆಬಡಿತವೂ ಅವುಗಳ ಜೊತೆ ಸದ್ದಿಲ್ಲದೆ ತೇಲಿ ಹೋಗುತ್ತಿದೆ ಅನಿಸುತ್ತಿತ್ತು. ಕನಸೂ ಹೋಗುತ್ತದೆಯೇನೇ ಎಂದು ಕೇಳಿದೆ. "ನಾಟ್ ಯೆಟ್, ಅಜ್ಜೀ" ಎಂದಳು. ಕಾಫಿ ಆರಿಹೋಗಿತ್ತು. ಅಷ್ಟು ದೂರದಲ್ಲಿ ಗುರುತಿಲ್ಲದ ಯಾರೋ ನಮ್ಮ ಮಗುವಿನ ನಿದ್ದೆಯನ್ನು ನೋಡುತ್ತಾ ಕೂತಿರುತ್ತಾರಲ್ಲ!

ಯಂತ್ರ ಸಾಲದೆಂದು ದಿನಾ ಬೆಳಿಗ್ಗೆ ಫೋನಿನಲ್ಲಿ ಪ್ರಶ್ನೆಗಳು ಬೇರೆ. ನಿದ್ದೆ ಹೇಗಾಯಿತು, ಮೈಕೈ ನೋವಿದೆಯೆ, ಆಯಾಸವೆ? ಉತ್ತರಕ್ಕೆ ಐದು ಮುಖಗಳು, ಅಳುವುದರಿಂದ ಹಿಡಿದು ನಗುವುದರವರೆಗೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಆಗುವ ಪರೀಕ್ಷೆ. ಇಂಚರಾ ಜಡೆ ಹಾಕಿಕೊಳ್ಳುತ್ತಾ ಫೋನನ್ನು ನನ್ನ ಕೈಗೆ ಕೊಡುತ್ತಿದ್ದಳು. "ಅಜ್ಜೀ, ಜಸ್ಟ್ ಟ್ಯಾಪ್ ದ ಹ್ಯಾಪಿ ಫೇಸಸ್. ಐ ಫೀಲ್ ಗ್ರೇಟ್."

ಗ್ರೇಟ್ ಎಂದು ದಿನಾ ಡಂಗುರ ಹೊಡೆಯುವುದೆ? ನನ್ನ ಮಕ್ಕಳು ಗುಂಡುಗುಂಡಗಿದ್ದಾಗಲೂ ಯಾರಾದರೂ ಕೇಳಿದರೆ, "ಅಯ್ಯೋ, ಊಟಾನೇ ಸೇರಲ್ಲ" ಎನ್ನುತ್ತಿದ್ದವಳು ನಾನು. ಸುಧಾ ಕ್ಲಾಸಿಗೇ ಮೊದಲು ಬಂದ ವರ್ಷ "ಹೆಂಗೋ ಪಾಸಾದ್ಲು" ಎಂದು ಬೀದಿಗೆಲ್ಲ ಹೇಳಿದ್ದೆ. ಈಗ ಡಾಕ್ಟರಾಗಿದ್ದಾಳೆ, ಅದನ್ನು ಮಾತ್ರ ಮರೆತಿಲ್ಲ. ಹಾಗಾಗಿ ಮೊದಲು ನಡುವಿನ ಮುಖ ಒತ್ತಿದೆ. ಪರ್ತ್‌ನ ಪಂದ್ಯ ಹತ್ತಿರ ಬಂದಂತೆ ನೋಡುವ ಕಣ್ಣುಗಳೂ ಹೆಚ್ಚುತ್ತವೆ ಎಂದು ಅಳುಮುಖಕ್ಕೇ ಇಳಿದೆ.

ಒಂದು ಸಂಜೆ ಕೋಚ್ ಕೇಟ್ ಫೋನ್ ಮಾಡಿದಳು. ಎದೆಬಡಿತ ಚೆನ್ನಾಗಿದೆ, ಆದರೆ ಹುಡುಗಿಯೇ ದಿನಾ ನೋವು, ನಿದ್ದೆಯಿಲ್ಲ ಅನ್ನುತ್ತಿದ್ದಾಳೆ. ಯಂತ್ರಕ್ಕಿಂತ ಹುಡುಗಿಯ ಮಾತು ದೊಡ್ಡದು. ಪರ್ತ್ ಬೇಡ, ಸುಧಾರಿಸಿಕೊಳ್ಳಲಿ ಎಂದಳಂತೆ.

ಸುಧಾ ನೇರ ನನ್ನ ಕಡೆ ತಿರುಗಿದಳು. "ಅಮ್ಮಾ, ಏನ್ ಒತ್ತಿದೆ ನೀನು?"

"ದೃಷ್ಟಿ ಆಗ್ಬಾರ್ದು ಅಂತ..."

"ಅದು ಫಾರ್ಮ್ ಅಮ್ಮಾ, ಪಕ್ಕದ್ಮನೆ ಆಂಟಿ ಅಲ್ಲ! ಈಗ ನಾನು ಫೋನ್ ಮಾಡಿದ್ರೆ ಪರ್ತ್ ಆಸೆಗೆ ಸುಳ್ಳು ಹೇಳ್ತಿದೀನಿ ಅಂತ ಕೇಟ್ ಅನ್ಕೋತಾಳೆ. ನಾಳೆ ಬೆಳಿಗ್ಗೆ ಲಿಸ್ಟ್ ಹೋಗ್ಬಿಡುತ್ತೆ."

ಇಂಚರಾ ಕೂಗಾಡಲಿಲ್ಲ. "ಎರಡು ವರ್ಷ ಓಡಿದೀನಿ, ಅಜ್ಜೀ" ಎಂದಳು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅದನ್ನು ಕನ್ನಡದಲ್ಲಿ ಹೇಳಿದ್ದು ಸರಿಯಾಗಿ ತಾಗಿತು.

ಮರುದಿನ ಬೆಳಿಗ್ಗೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಅವಳ ಜೊತೆ ಸ್ಯಾಲಿಸ್‌ಬರಿಯ ಮೈದಾನಕ್ಕೆ ಹೋದೆ. ಮಂಜಿನಲ್ಲಿ ಓಡುತ್ತಿದ್ದ ಹುಡುಗಿಯರ ಕಾಲು ನೆಲಕ್ಕೆ ತಾಗುತ್ತಲೇ ಇಲ್ಲವೇನೋ ಅನಿಸಿತು. ಕೇಟ್ ಮುಂದೆ ನಿಂತು ತೋರುಬೆರಳು ಎತ್ತಿದೆ. "ಫೋನ್, ದಿಸ್ ಫಿಂಗರ್. ನಾಟ್ ಶಿ." ಅವಳು ನನ್ನನ್ನೂ ಮೊಮ್ಮಗಳನ್ನೂ ನೋಡಿ, "ಹೌ ಈಸ್ ಶಿ, ದೆನ್?" ಎಂದಳು. ಓಡುತ್ತಿದ್ದವರು ನಿಂತರು. ಅವರ ಅಮ್ಮಂದಿರೂ ತಿರುಗಿದರು. ಅಷ್ಟೂ ಕಣ್ಣುಗಳ ಎದುರು ಸೆರಗು ಬಿಗಿಹಿಡಿದು ಕೂಗಿಯೇಬಿಟ್ಟೆ: "ವೆರಿ ಗುಡ್! ಈಟ್ ಗುಡ್, ಸ್ಲೀಪ್ ಗುಡ್, ನಂಬರ್ ಒನ್!" ಕೇಟ್ ನಗುತ್ತಾ ಅವಳ ಹೆಸರನ್ನು ಮತ್ತೆ ಪಟ್ಟಿಗೆ ಬರೆದುಕೊಳ್ಳುತ್ತಿದ್ದಾಗ ನಾನು ಕಣ್ಣು ಮುಚ್ಚಿ, ಸರಿದೂಗಲಿ ಎಂದು, ಸೋಮಾರಿ, ಕೋತಿ, ಕಡ್ಡಿಕಾಲಿ ಎಂದು ಮೊಮ್ಮಗಳನ್ನು ಮನಸ್ಸಿನಲ್ಲೇ ಬೈಯುತ್ತಾ ನಿಂತಿದ್ದೆ.