ಜುಬೈಲಿನಲ್ಲಿ ಮಂಗಪುರಾಣ

ನನ್ನ ಹಣೆಬರಹವೋ ಏನೋ, ವಿಕಾಸವಾದದ ಬಗ್ಗೆ ಎಲ್ಲಿ ಬಾಯಿಬಿಟ್ಟರೂ ಅಲ್ಲೊಂದು ಎಡವಟ್ಟು ಆಗಿಯೇ ತೀರುತ್ತಿತ್ತು. ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದವನು ನಾನು. ಮಗಳು ಅಂಬೆಗಾಲಿಡುತ್ತಿದ್ದಾಗ ಆ ಕೆಲಸ ಬಿಟ್ಟು ಸೌದಿಗೆ ಬಂದೆ. ಜುಬೈಲಿನ ಕಾರ್ಖಾನೆಯೊಂದರಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಹೊಸ ಉದ್ಯೋಗ. ತೊಂಬತ್ತರ ದಶಕ ಅರ್ಧ ಮುಗಿದರೂ ಬಾಯಿಗೆ ಮಾತ್ರ ಪಾಠದ ಚಟ ಹೋಗಿರಲಿಲ್ಲ. ಅದರಲ್ಲೂ ಒಂದೇ ಪಾಠ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಜೀವಿಗಳೆಲ್ಲ ಒಂದರಿಂದ ಒಂದು ನಿಧಾನವಾಗಿ ಬದಲಾಗುತ್ತ ಬಂದವು ಎಂದು ಹೇಳಿ ಇಡೀ ಇಂಗ್ಲೆಂಡಿನ ನಿದ್ದೆ ಕೆಡಿಸಿದ ಆ ವಿಜ್ಞಾನಿಯ ಕಥೆ. ಪುಸ್ತಕದಲ್ಲಿ ಅವರ ಚಿತ್ರ ನೋಡಿದ ನಮ್ಮ ವೆಲ್ಡರ್ ಒಬ್ಬ "ಗಡ್ಡದ ಸಾಹೇಬ್ರು" ಎಂದು ಕರೆದ. ಅದೇ ಹೆಸರು ನಿಂತುಬಿಟ್ಟಿತು.

ಬಸ್ಸಿನಲ್ಲಿ ಹಡಗು

ಈ ವೆಲ್ಡರ್ ಉಡುಪಿ ಕಡೆಯವನು. ಕಂಪನಿ ಬಸ್ಸು ಕಾರ್ಮಿಕರ ಕ್ಯಾಂಪಿನವರನ್ನು ಹತ್ತಿಸಿಕೊಂಡು ನಮ್ಮ ಕ್ವಾರ್ಟರ್ಸಿಗೆ ಬರುವಷ್ಟರಲ್ಲಿ ನನಗೊಂದು ಸೀಟು ಹಿಡಿದಿರುತ್ತಿದ್ದ. ಕಾರ್ಖಾನೆ ತಲುಪುವವರೆಗೆ ಅವನೇ ನನ್ನ ತರಗತಿ. ಪಾಪ, ಓಡಿಹೋಗಲು ಜಾಗವೂ ಇರಲಿಲ್ಲ.

ಗಡ್ಡದ ಸಾಹೇಬರು ಇನ್ನೂ ಗಡ್ಡವಿಲ್ಲದ ಹುಡುಗನಾಗಿದ್ದಾಗ ಹಡಗು ಹತ್ತಿ ಐದು ವರ್ಷ ಲೋಕ ಸುತ್ತಿದ್ದು, ದ್ವೀಪಗಳ ಹಕ್ಕಿ ಆಮೆಗಳನ್ನು ನೋಡಿ ತಲೆ ಕೆಡಿಸಿಕೊಂಡದ್ದು, ಎಲ್ಲ ಒಂದು ದಿನ ವಿವರವಾಗಿ ಹೇಳಿದೆ. ಅವನು ಹಕ್ಕಿ ಆಮೆ ಎರಡನ್ನೂ ಬಿಟ್ಟ.

"ಐದು ವರ್ಷವಾ? ಮಧ್ಯದಲ್ಲಿ ಊರಿಗೆ ರಜೆ?"

"ಇಲ್ಲ."

"ಕಫೀಲ್ ಯಾರು ಮಾರಾಯ್ರೆ?" ಕಫೀಲ್ ಎಂದರೆ ನಮ್ಮನ್ನೆಲ್ಲ ಇಲ್ಲಿಗೆ ಕರೆಸಿಕೊಂಡ ಮಾಲೀಕ.

"ಯಾರೂ ಇಲ್ಲ. ಕ್ಯಾಪ್ಟನ್ನಿಗೆ ಮಾತಾಡೋಕೆ ಒಬ್ಬ ಜೊತೆಗಾರ ಬೇಕಿತ್ತು, ಹೋದರು."

"ಸಂಬಳ?"

"ಅದೂ ಇಲ್ಲ. ಖರ್ಚೆಲ್ಲ ಅವರಪ್ಪನದು."

ವೆಲ್ಡರ್ ಮುಂದಿನ ಸೀಟಿನವನ ಭುಜ ತಟ್ಟಿದ. "ಕೇಳಿದ್ಯಾ? ಗಡ್ಡದ ಸಾಹೇಬ್ರಿಗೂ ಏಜೆಂಟ್ ಟೋಪಿ ಹಾಕಿದ್ದಾನೆ!"

ನಾಲ್ಕು ಅಂಕದ ಪಾಠ

ನನಗೆ ಬೇಕಾಗಿದ್ದ ವಿದ್ಯಾರ್ಥಿ ವೆಲ್ಡರ್ ಅಲ್ಲ, ನನ್ನ ಮಗಳು. ಅವಳು ಹನ್ನೆರಡನೆಯ ತರಗತಿಯಲ್ಲಿದ್ದಳು. ಅದು ಮುಗಿದ ಮೇಲೆ ನಮ್ಮ ಮಕ್ಕಳಿಗೆ ಅಲ್ಲಿ ಓದಲು ಕಾಲೇಜಿಲ್ಲ, ಊರಿಗೆ ಹೊರಡಲೇಬೇಕು. ನಾನು ರಾತ್ರಿ ಶಿಫ್ಟಿನಿಂದ ಬರುವಾಗ ಅವಳು ಶಾಲೆಗೆ ಹೋಗಿರುತ್ತಿದ್ದಳು, ಅವಳು ಬರುವಾಗ ನಾನು ಮಲಗಿರುತ್ತಿದ್ದೆ. ಹೀಗೇ ವರ್ಷಗಳು ಕಳೆದುಹೋದವು. ಅವಳು ಹೊರಡುವ ಮೊದಲು ಒಂದೇ ಒಂದು ಸಲ ನನ್ನ ಪಾಠ ಕೇಳಬೇಕು ಎಂಬ ಆಸೆ ನನ್ನನ್ನು ಕಾಡಲು ಶುರುವಾಯಿತು.

ಒಮ್ಮೆ ಪಕ್ಕದ ಮನೆಯವರು "ನಿನ್ನ ಪಪ್ಪನಿಗೆ ಏನು ಕೆಲಸ?" ಎಂದು ಕೇಳಿದಾಗ ಅವಳು "ನೀರು ನೋಡ್ತಾರೆ" ಎಂದಿದ್ದಳು. ತಪ್ಪೇನಿಲ್ಲ, ನಾನು ನೀರನ್ನೇ ನೋಡುತ್ತಿದ್ದೆ. ಆದರೂ ಎದೆಗೆ ಚುಚ್ಚಿತು.

ವಿಕಾಸವಾದದ ಪಾಠ ಬಂದಾಗ, ಸೌದಿಯಲ್ಲಿ ಆ ವಿಷಯ ಎತ್ತಲು ಹೆದರಿ, ಶಾಲೆಯ ಮೇಡಂ "ಮನೆಯಲ್ಲೇ ಓದಿಕೊಳ್ಳಿ" ಎಂದು ಮುಂದೆ ಹೋದರಂತೆ. ನನಗೆ ಹಬ್ಬ. ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಮೇಜಿನ ಮುಂದೆ ನಿಂತೆ.

"ಆ ಕಾಲದ ಇಂಗ್ಲೆಂಡ್ ಹೇಗಿತ್ತು ಅಂದರೆ..."

"ಪಪ್ಪಾ, ಇಟ್ಸ್ ಓನ್ಲಿ ಫೋರ್ ಮಾರ್ಕ್ಸ್."

"ಇರಲಿ ಮಗಳೇ, ಆ ಸಾಹೇಬರು ಹೆದರಿಕೊಂಡು ಇಪ್ಪತ್ತು ವರ್ಷ ವಿಷಯ ಬಾಯಿಬಿಡಲಿಲ್ಲ, ಗೊತ್ತಾ?"

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ರೀ, ನೀವೂ ಒಂದಿಪ್ಪತ್ತು ನಿಮಿಷ ಬಾಯಿಬಿಡದೆ ಇದ್ದರೆ ಅವಳು ಓದಿಕೊಳ್ತಾಳೆ."

ಬಡ್ತಿ

ಮನೆಯಲ್ಲಿ ನಡೆಯದ ಪಾಠವನ್ನು ನಾಟಕವಾಗಿ ಮಾಡೋಣವೆಂದು ತೀರ್ಮಾನಿಸಿದೆ. ನಾವು ಕನ್ನಡದವರು ಆಗಾಗ ವಾರದ ರಜೆಯ ಶುಕ್ರವಾರ ಒಬ್ಬರ ವಿಲ್ಲಾದಲ್ಲಿ, ಅಲ್ಲಿ ಇಂಥ ಕೂಟಗಳಿಗೆ ಅನುಮತಿ ಇಲ್ಲದ್ದರಿಂದ ಪರದೆ ಎಳೆದುಕೊಂಡು, ಹೆಚ್ಚು ಗದ್ದಲ ಮಾಡದೆ ಸೇರುತ್ತಿದ್ದೆವು. ಯುಗಾದಿಯ ಕೂಟಕ್ಕೆ ನಾಟಕ ಎಂದಾಯಿತು. ಆ ಶುಕ್ರವಾರ ನನಗೆ ಶಿಫ್ಟ್ ಇತ್ತು. ರಜೆ ಕೇಳಲು ಸೂಪರ್‌ವೈಸರ್ ಹತ್ತಿರ ಹೋದೆ. ಆತ ಇಂಗ್ಲೆಂಡಿನವನು, ಗಡ್ಡದ ಸಾಹೇಬರ ಊರಿನವನು ಎಂಬ ಸಲಿಗೆ ನನಗೆ.

ಆತ ಹೇಳಿದ: "ಬಲ ಇದ್ದವನು ಉಳಿಯುತ್ತಾನೆ, ಇಲ್ಲದವನು ಹೋಗುತ್ತಾನೆ. ರಜೆ ಕೇಳುವವರು ಎರಡನೆಯ ಗುಂಪು. ಇದು ನಿಮ್ಮ ವಿಕಾಸವಾದದ ನಿಯಮವೇ ತಾನೇ?"

ನನ್ನ ಮೈ ಉರಿಯಿತು. ಸಾಹೇಬರು ಹೇಳಿದ್ದು ಹಾಗಲ್ಲ, ಯಾವ ಜಾಗಕ್ಕೆ ಯಾವುದು ಹೊಂದುತ್ತದೋ ಅದು ಉಳಿಯುತ್ತದೆ ಎಂದಷ್ಟೇ. ಅದನ್ನು ತಿರುಚಿ, ಬಡವರು ಬಡವರಾಗಿರುವುದೇ ಪ್ರಕೃತಿಯ ಇಚ್ಛೆ ಎಂದು ಸಾರಿದವರು ನಿಮ್ಮ ಆ ಕಾಲದ ಗಿರಣಿ ಧಣಿಗಳು, ಪರದೇಶಗಳನ್ನು ನುಂಗಲು ಅದನ್ನೇ ನೆಪ ಮಾಡಿಕೊಂಡವರು ನಿಮ್ಮ ದೊರೆಗಳು ಎಂದು ನಿಂತಲ್ಲೇ ಒಂದು ಪೀರಿಯಡ್ ಪಾಠ ಮಾಡಿದೆ. ಮೇಜಿನ ಮೇಲಿನ ಚಹಾ ತಣ್ಣಗಾಯಿತು.

"ಇಷ್ಟೆಲ್ಲ ಎಲ್ಲಿ ಕಲಿತೆ?"

"ಪ್ರಾಣಿಶಾಸ್ತ್ರದಲ್ಲಿ ಎಂಎಸ್‌ಸಿ, ಸರ್."

ಆತನ ಮುಖ ಅರಳಿತು. ರಜೆ ಸಿಕ್ಕಿತು. ಜೊತೆಗೆ, ಸಮುದ್ರದ ನೀರು ಎಳೆಯುವ ಕೊಳವೆಯ ಜಾಲರಿಗೆ ಸಿಕ್ಕಿಕೊಳ್ಳುವ ಜೆಲ್ಲಿಫಿಶ್‌ಗಳನ್ನು ತೆಗೆಸುವ ಕೆಲಸಕ್ಕೂ ಅಂದಿನಿಂದ ನಾನೇ ತಜ್ಞ. ವಿಕಾಸವಾದದಿಂದ ನನಗಾದ ಬಡ್ತಿ ಅದೊಂದೇ.

ಬಿಷಪ್ಪನ ಪ್ರಶ್ನೆ

ನಾಟಕದಲ್ಲಿ ನಾನು ಬರೆದದ್ದು ಆ ಕಾಲದ ಒಂದು ದೊಡ್ಡ ಸಭೆಯ ಜಗಳ. ಗಡ್ಡದ ಸಾಹೇಬರಿಗೆ ಹೊಟ್ಟೆ ಸರಿಯಿಲ್ಲ, ಸಭೆಗೆ ಬಂದಿಲ್ಲ. ಅವರ ವಾದ ಒಪ್ಪದ ಬಿಷಪ್ ಒಬ್ಬ ಎದ್ದು ಅವರ ಗೆಳೆಯನನ್ನು "ನಿನಗೆ ಮಂಗನ ಸಂಬಂಧ ಅಜ್ಜನ ಕಡೆಯಿಂದಲೋ ಅಜ್ಜಿಯ ಕಡೆಯಿಂದಲೋ?" ಎಂದು ಹಂಗಿಸುತ್ತಾನೆ. ಆಗ ಗೆಳೆಯ ಎಲ್ಲರ ಬಾಯಿ ಮುಚ್ಚಿಸುವಂಥ ಉತ್ತರ ಕೊಡುತ್ತಾನೆ. ಗೆಳೆಯನ ಪಾತ್ರ ನನ್ನದು, ಬಿಷಪ್ ನಮ್ಮ ವೆಲ್ಡರ್. ಯಾರಿಂದಲೋ ಬೇಡಿ ತಂದ ಅರಬ್ಬಿ ನಿಲುವಂಗಿ, ಅದರ ಮೇಲೆ ನನ್ನ ಹೆಂಡತಿಯ ನೇರಳೆ ಸೀರೆ ಸುತ್ತಿ ನಿಂತರೆ ಭಾರೀ ಕಳೆ ಬಂದಿತ್ತು.

ನನ್ನ ಉತ್ತರವನ್ನು ಜೆಲ್ಲಿಫಿಶ್‌ಗಳ ಮುಂದೆ ದಿನವೂ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ. ಹಿಂದಿನ ಸಾಲಿನಲ್ಲಿ ಮಗಳು ಗೆಳತಿಯ ಜೊತೆ ಕೂತಿದ್ದಳು. ಅವಳಿಗಾಗಿಯೇ ಇಷ್ಟೆಲ್ಲ.

ಬಿಷಪ್ ಗುಡುಗಿದ: "ಅಜ್ಜನ ಕಡೆಯಿಂದಲೋ? ಅಜ್ಜಿಯ ಕಡೆಯಿಂದಲೋ?"

ನಾನು ಉಸಿರೆಳೆದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬರು ಅಜ್ಜಿ ಕೈಮುಗಿದು ಎದ್ದರು. ಪುತ್ತೂರು ಕಡೆಯವರು, ಮಗನ ಮನೆಗೆ ಬಂದಿದ್ದವರು.

"ಎರಡು ಕಡೆಯಿಂದಲೂ ಇರಲಿ ಮಗಾ. ಹನುಮಂತನ ಕುಲ ಅಂದ್ರೆ ಎಲ್ಲರಿಗೂ ಸಿಗ್ತದಾ? ಅದಕ್ಕೆ ಎಂತ ಜಗಳ?"

ಜನ ಚಪ್ಪಾಳೆ ತಟ್ಟಿದರು. ಬಿಷಪ್ ಸೀರೆ ಸರಿಮಾಡಿಕೊಂಡು ಹೋಗಿ ಅಜ್ಜಿಯ ಕಾಲಿಗೆ ಬಿದ್ದ. ಇಂಗ್ಲೆಂಡನ್ನು ಎರಡು ಪಾಲು ಮಾಡಿದ್ದ ಜಗಳ ಅಲ್ಲಿಗೆ ಮುಗಿಯಿತು. ಎಲ್ಲರೂ ಊಟಕ್ಕೆ ಎದ್ದರು, ನನ್ನ ಮಗಳೂ ನಗುತ್ತ ಎದ್ದು ಹೋದಳು. ಕಪ್ಪು ಕೋಟು ಹಾಕಿಕೊಂಡು ನಾನೊಬ್ಬನೇ ನಿಂತಿದ್ದೆ. ನಿಜ ಹೇಳುತ್ತೇನೆ, ಅಳು ಬಂತು.

ಹೆಂಡತಿ ಬಂದು ತೋಳು ಹಿಡಿದಳು. "ಮಂಗ ಮನುಷ್ಯ ಆಗೋಕೆ ಲಕ್ಷಾಂತರ ವರ್ಷ ಕಾಯ್ತು ಅಂತೀರಿ. ಬನ್ನಿ, ಕೇಸರಿಬಾತ್ ಅಷ್ಟೆಲ್ಲ ಕಾಯಲ್ಲ."

ದಹ್ರಾನಿನ ದಾರಿ

ಪರೀಕ್ಷೆ ಮುಗಿಯಿತು. ಊರಿಗೆ ಹೊರಟಿದ್ದ ಒಂದು ಕುಟುಂಬದ ಜೊತೆ ಮಗಳಿಗೂ ಟಿಕೆಟ್ ಆಯಿತು. ದಹ್ರಾನಿನ ವಿಮಾನ ನಿಲ್ದಾಣಕ್ಕೆ ಹೋಗಲು ವೆಲ್ಡರ್ ಯಾರದೋ ಕಾರು ತಂದ. ಅವನ ಪಕ್ಕ ನಾನು, ಹಿಂದೆ ತಾಯಿ ಮಗಳು. ಜುಬೈಲ್ ದಾಟಿದ ಮೇಲೆ ಎರಡೂ ಬದಿ ಬರೀ ಮರಳು.

ಮಗಳೇ ಮಾತು ಶುರು ಮಾಡಿದಳು. "ಪಪ್ಪಾ, ಅವತ್ತು ಡ್ರಾಮಾದಲ್ಲಿ ಬಿಷಪ್‌ಗೆ ನೀವು ಏನು ಆನ್ಸರ್ ಹೇಳ್ಬೇಕಿತ್ತು?"

ಹೇಳಿದೆ. ಸತ್ಯ ಕಂಡೂ ಅದನ್ನು ಗೇಲಿ ಮಾಡುವ ದೊಡ್ಡ ಮನುಷ್ಯನಿಗಿಂತ ಮಂಗನೇ ನನಗೆ ಅಜ್ಜನಾಗಲಿ ಎನ್ನುವ ಉತ್ತರ. ಆಮೇಲೆ ಅವಳು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಹಡಗು, ಹಕ್ಕಿಗಳ ಕೊಕ್ಕು, ಸಾಹೇಬರ ಮುಖಕ್ಕೆ ಮಂಗನ ಮೈ ಅಂಟಿಸಿ ಪತ್ರಿಕೆಗಳು ಬರೆದ ಚಿತ್ರಗಳು. ಸತ್ತ ಮೇಲೆ ಗಂಡ ತನಗೆ ಸಿಗಲಾರನೇನೋ ಎಂದು ಕೊರಗುತ್ತಿದ್ದ ಅವರ ದೈವಭಕ್ತೆ ಹೆಂಡತಿ. ಸಾಹೇಬರು ಹತ್ತು ವರ್ಷದ ಮಗಳನ್ನು ಕಳೆದುಕೊಂಡ ಕಡೆ ಬಂದಾಗ ರಸ್ತೆ ಬದಿಯ ಒಂಟೆಯೊಂದನ್ನು ತೋರಿಸಿ, ಸುಧಾರಿಸಿಕೊಂಡು ಮುಂದುವರಿಸಿದೆ. ಮೈಸೂರಿನಲ್ಲೂ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ.

ಮುಗಿಸಿದಾಗ ಮಗಳು ನನ್ನ ಭುಜ ಹಿಡಿದಳು. "ಪಪ್ಪಾ, ಯು ಆರ್ ಸೋ ಗುಡ್! ನೀವು ಟೀಚರ್ ಆಗ್ಬೇಕಿತ್ತು."

ನಾನು ಹಿಂದೆ ತಿರುಗಿ ಹೆಂಡತಿಯನ್ನು ನೋಡಿದೆ.

"ನೀನು ಇವಳಿಗೆ ಹೇಳೇ ಇಲ್ವಾ?"

"ನಾನ್ಯಾಕೆ ಹೇಳ್ಲಿ? ಬಸ್ಸಲ್ಲಿ ಸಿಕ್ಕಿದವರಿಗೆಲ್ಲ ಹೇಳ್ತೀರಲ್ಲ, ಮಗಳಿಗೂ ಹೇಳಿರ್ತೀರಿ ಅಂದ್ಕೊಂಡೆ."

"ಏನು? ಏನು ಹೇಳ್ಬೇಕಿತ್ತು?" ಎಂದಳು ಮಗಳು.

"ಇಲ್ಲಿಗೆ ಬರೋಕೆ ಮುಂಚೆ ನಾನು ಮೇಷ್ಟ್ರೇ ಆಗಿದ್ದೆ ಕಣಮ್ಮ."

"ರಿಯಲೀ? ಯಾವ ಸಬ್ಜೆಕ್ಟ್?"

ವಿಮಾನ ನಿಲ್ದಾಣದ ಬೋರ್ಡು ಆಗಲೇ ಕಾಣಿಸುತ್ತಿತ್ತು. ಒಂದೇ ಮನೆಯಲ್ಲಿ ಇಷ್ಟು ವರ್ಷ ಉಂಡು ಮಲಗಿ, ನಾನು ಯಾರಾಗಿದ್ದೆ ಎಂದು ಹೇಳಲು ನನಗೆ ಪುರಸೊತ್ತಾದದ್ದು ಅವಳು ಹೊರಡುವ ದಿನ. ವೆಲ್ಡರ್ ರಸ್ತೆಯಿಂದ ಕಣ್ಣು ತೆಗೆಯದೆ ನನ್ನ ಪರವಾಗಿ ಉತ್ತರ ಕೊಟ್ಟ.

"ಮಂಗ."