ಉರಿಯದ ಬಕೆಟ್‌ಗಳ ರಿಪೇರಿ

ಕ್ಲಾರಿ ಬಾಕ್ಸ್‌ಹಾಲ್ ಅವರನ್ನು ನಾನು ಮೊದಲು ಕಂಡದ್ದು ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ, ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಹ್ಯೂಆನ್ ನದಿಯ ದಂಡೆಯ ಗಂಡಸರ ಶೆಡ್‌ನಲ್ಲಿ. ನಿವೃತ್ತರಾದ ಗಂಡಸರು ಹೆಂಡತಿಯರ ಕಾಲಿಗೆ ಅಡ್ಡ ಬರದಂತೆ ಒಂದೆಡೆ ಸೇರಿ, ಊರಿನ ಕೆಟ್ಟ ಕುರ್ಚಿ, ಕೆಟ್ಟ ಕೆಟಲ್, ಕೆಟ್ಟ ಗಡಿಯಾರಗಳನ್ನು ಸರಿಮಾಡುವ ಜಾಗ ಅದು. ಕ್ಲಾರಿ ನೀಲಿ ಅಂಗಿ ತೊಟ್ಟಿದ್ದರು. ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು. ಎಡಗೈ ನಡುಗುತ್ತಿತ್ತು. ಬಲಗೈಯಲ್ಲಿ ಅರ್ಧ ಕಪ್ ಚಹಾ.

"ಪೂರ್ತಿ ತುಂಬಿಸಿದ್ರೆ ಮಿಕ್ಕಿದ್ದನ್ನ ನೆಲ ಕುಡಿಯುತ್ತೆ ಮಾರಾಯ," ಎಂದರು. "ನೀನೇನಾ ಆ ಬೆಳಕಿನ ಡಾಕ್ಟರು?"

ನಾನು ಡಾಕ್ಟರಲ್ಲ, ವಿಶ್ವವಿದ್ಯಾಲಯದ ಸಂಶೋಧನಾ ಸಹಾಯಕ ಎಂದೆ. ಆಲೂಗಡ್ಡೆ ಬೆಳೆಯುವ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ಎಂಬುದನ್ನೂ ಸೇರಿಸಿದೆ. ಯಾರೂ ಕೇಳಿರಲಿಲ್ಲ.

ಕ್ಲಾರಿ ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಕಣಿವೆಯ ಸೇಬಿನ ಅಂಗಡಿಯಿಂದ ಪೊಲೀಸ್ ಠಾಣೆಯವರೆಗೆ ಎಲ್ಲವೂ ಅವರದೇ ಕೈಬರಹ. ಪರೀಕ್ಷೆಗೆಂದು ಕಾಗದ ಕೊಟ್ಟು, 'ಇವತ್ತು ಬಿಸಿಲು ಚೆನ್ನಾಗಿದೆ' ಎಂದು ಬರೆಯಲು ಹೇಳಿದೆ. ಮೊದಲ ಅಕ್ಷರ ದ್ರಾಕ್ಷಿಯಷ್ಟಿತ್ತು. ಕೊನೆಯದು ಸಾಸಿವೆಯಷ್ಟು. ಪಾರ್ಕಿನ್ಸನ್ ಕಾಯಿಲೆ ಕೈಬರಹವನ್ನು ಹಾಗೆ ಕುಗ್ಗಿಸುತ್ತದೆ.

"ನೋಡು, ಅಕ್ಷರಗಳು ಬೆನ್ನು ತಿರುಗಿಸಿ ಹೊರಟುಹೋಗ್ತಿವೆ," ಎಂದರು ಕ್ಲಾರಿ. "ಸಾಯೋದರೊಳಗೆ ಇನ್ನೊಂದು ಬೋರ್ಡು ಬರೀಬೇಕು. ದೂರದಿಂದ ಓದೋ ಹಾಗಿರಬೇಕು. ಆಗುತ್ತಾ?"

"ಗೊತ್ತಿಲ್ಲ. ಅದನ್ನ ತಿಳಿಯೋಕೇ ಈ ಪ್ರಯೋಗ," ಎಂದೆ. ಮನಸ್ಸಿನಲ್ಲಿ ಮಾತ್ರ, ಇಡೀ ಟ್ಯಾಸ್ಮೇನಿಯಾ ನೆನಪಿಡುವಂಥ, ತಪ್ಪೆಂಬುದು ಒಳಗೆ ಕಾಲಿಡಲಾಗದಂಥ ಪ್ರಯೋಗವನ್ನು ನಡೆಸಿಯೇ ತೀರುತ್ತೇನೆಂದು ಶಪಥ ಮಾಡಿದೆ.

ಪ್ರಯೋಗ ಸರಳ: ತಲೆಗೆ ಬೆಳಕು ಬಿದ್ದರೆ ಪಾರ್ಕಿನ್ಸನ್ ತಗ್ಗುತ್ತದೆಯೇ ಎಂದು ನೋಡುವುದು. ಕಣಿವೆಯ ಪಾರ್ಕಿನ್ಸನ್ ಬಳಗದಲ್ಲಿ ಹನ್ನೆರಡು ಜನ. ಒಬ್ಬೊಬ್ಬರಿಗೂ ಒಳಗೆ ದೀಪದ ಪಟ್ಟಿ ಅಂಟಿಸಿದ ಒಂದು ಪ್ಲಾಸ್ಟಿಕ್ ಬಕೆಟ್. ಅದನ್ನು ದಿನಕ್ಕೆ ಇಪ್ಪತ್ತು ನಿಮಿಷ ತಲೆಯ ಮೇಲೆ ಬೋರಲು ಹಾಕಿಕೊಂಡು ಕೂರಬೇಕು. ಆರು ಬಕೆಟ್‌ಗಳಲ್ಲಿ ನಿಜವಾದ ಬೆಳಕು. ಆದರೆ ಅದು ಕಣ್ಣಿಗೆ ಕಾಣದ ಬಗೆಯದು. ಉಳಿದ ಆರರಲ್ಲಿ ಏನೂ ಇಲ್ಲ. ನೋಡಿದರೆ ಹನ್ನೆರಡೂ ಕತ್ತಲೆ. ಯಾರದು ಯಾವುದೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಹೆಸರುಗಳ ಪಟ್ಟಿ ಪ್ರಯೋಗದ ಹೊಣೆ ಹೊತ್ತ ಪ್ರೊಫೆಸರ್ ಥಾರ್ಪ್ ಅವರ ಬೀರುವಿನಲ್ಲಿ.

"ಸೂಜಿಮೊನೆಯಷ್ಟೂ ಸಂದು ಬಿಟ್ಟಿಲ್ಲ, ರೋಸ್," ಎಂದು ಹೆಂಡತಿಯೆದುರು ಎದೆಯುಬ್ಬಿಸಿದೆ.

ರೋಸ್ ಕುರಿಮಾಂಸದ ಪೈ ಕತ್ತರಿಸುತ್ತಿದ್ದವಳು ಚಾಕು ನಿಲ್ಲಿಸಿದಳು. "ಆ ಬಳಗ ಸೇರೋದು ಎಲ್ಲಿ?"

"ಕ್ಲಾರಿಯವರ ಶೆಡ್‌ನಲ್ಲಿ. ಅಲ್ಲಿ ಚಹಾ ಚೆನ್ನಾಗಿರುತ್ತಂತೆ."

"ಅಂದ್ರೆ ಉರಿಯದಿರೋ ಹನ್ನೆರಡು ದೀಪಾನ ತಗೊಂಡು ಹೋಗಿ ರಿಪೇರಿ ಶೆಡ್‌ಗೆ ಕೊಟ್ಟು ಬಂದಿದ್ದೀಯಾ?"

"ಬಿಚ್ಚಬಾರದು ಅಂತ ಸಹಿ ಹಾಕಿಸಿಕೊಂಡಿದ್ದೀನಿ!"

"ಡೇರಿಲ್, ನಿಮ್ಮಪ್ಪ ಹೊಸ ವಾಷಿಂಗ್ ಮಷೀನನ್ನ ಒಂದು ಸಲವೂ ಓಡಿಸದೆ ಬಿಚ್ಚಿ ನೋಡಿದ್ರು."

"ಅಪ್ಪ ರೈತ. ಇದು ವಿಜ್ಞಾನ," ಎಂದೆ. ಆಹಾ, ಎಂಥ ಮಾತು!

ಏಳನೆಯ ವಾರಕ್ಕೆ ಫಲಿತಾಂಶಗಳು ಚಿಗುರತೊಡಗಿದವು. ಕ್ಲಾರಿಯ ಗುಂಡಿಗಳು ಸರಿಯಾದ ಮನೆ ಸೇರಿದ್ದವು. ಬಳಗದ ಎನಿಡ್ ಎಂಬ ಹಿರಿಯಾಕೆ ಕುರ್ಚಿಯ ಕೈ ಹಿಡಿಯದೆ ಎದ್ದು ನಿಂತರು. ಹನ್ನೆರಡು ಜನರಲ್ಲಿ ಹತ್ತು ಮಂದಿ ಚುರುಕಾಗಿದ್ದರು. ಆರು ಬಕೆಟ್‌ಗಳಲ್ಲಿ ಮಾತ್ರ ಬೆಳಕಿರುವಾಗ ಹತ್ತು ಮಂದಿ ಹೇಗೆ ಎಂದು ಯೋಚಿಸಬೇಕಿತ್ತು. ನಾನು ಸನ್ಮಾನದ ದಿನ ಯಾವ ಕೋಟು ಹಾಕಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ.

ಆ ಮಂಗಳವಾರ ಪೇಟೆಗೆ ಹೋಗಿದ್ದ ರೋಸ್ ಫೋನ್ ಮಾಡಿದಳು. "ನಿನ್ನ ಬಕೆಟ್‌ಗಳು ಕೆಂಪಗೆ ಉರಿಯುತ್ತವೆ ಅಂತ ಹೇಳೇ ಇರ್ಲಿಲ್ಲ."

"ಉರಿಯಲ್ಲ."

"ಸರಿ ಹಾಗಾದ್ರೆ. ಉರಿಯದೇ ಇರೋ ಹನ್ನೆರಡು ಬಕೆಟ್ ಶೆಡ್ ಕಿಟಕೀಲಿ ಕೆಂಪಗೆ ಕಾಣ್ತಿವೆ. ನಾನು ಬ್ರೆಡ್ ತಗೊಂಡು ಬರ್ತೀನಿ."

ನಾನು ಶೆಡ್ಡಿಗೆ ಧಾವಿಸಿದೆ. ಹನ್ನೆರಡು ಜನ ಸುತ್ತ ಕೂತಿದ್ದರು. ಹನ್ನೆರಡು ತಲೆಗಳ ಮೇಲೆ ಹನ್ನೆರಡು ಬಕೆಟ್‌ಗಳು ಕೆಂಡದಂತೆ ಹೊಳೆಯುತ್ತಿದ್ದವು. ನಡುವೆ ಚಹಾದ ಕೆಟಲ್. ಹಲಗೆಯೊಂದರ ಮೇಲೆ ಎಲ್ಲರೂ ಸರದಿಯಂತೆ ಬಕೆಟ್ಟನ್ನು ಹುಬ್ಬಿನ ಮೇಲಕ್ಕೆ ಸರಿಸಿ ದಪ್ಪ ಕುಂಚದಿಂದ ದೊಡ್ಡ ದೊಡ್ಡ ಅಕ್ಷರ ತಿದ್ದುತ್ತಿದ್ದರು, ಮೇಷ್ಟ್ರು ಕ್ಲಾರಿ.

"ಬಾ ಬಾ," ಎಂದರು ಕ್ಲಾರಿ ಬಕೆಟ್ಟಿನ ಒಳಗಿನಿಂದ. "ನೀನು ಕೊಟ್ಟಿದ್ದು ಕೆಟ್ಟುಹೋಗಿತ್ತು ಮಾರಾಯ. ಪಾಪ ಹುಡುಗ ಬೇಜಾರು ಮಾಡ್ಕೋತಾನೆ ಅಂತ ಹೇಳ್ಲಿಲ್ಲ. ದೋಣಿ ಎಳೆಯೋ ಗಾಡಿ ಹಿಂದಿನ ಕೆಂಪು ದೀಪ ಕೂಡಿಸಿದೆ. ಆಮೇಲೆ ನೋಡಿದ್ರೆ ಎನಿಡ್‌ದೂ ಕೆಟ್ಟಿತ್ತು. ಎಲ್ಲರದ್ದೂ ಕೆಟ್ಟಿತ್ತು!"

"ಬಿಚ್ಚಬಾರದು ಅಂತ ಸಹಿ ಹಾಕಿದ್ರಲ್ಲ, ಕ್ಲಾರಿ!"

"ಹಾಕಿದ್ದೆ. ಆದ್ರೆ ಕೆಟ್ಟಿದ್ದನ್ನ ಕೈಯಲ್ಲಿ ಹಿಡ್ಕೊಂಡು ಸುಮ್ನೆ ಕೂತ್ಕೋಳೋದು ಹೇಗೆ, ಹೇಳು?"

ಅಪ್ಪನ ವಾಷಿಂಗ್ ಮಷೀನು ನೆನಪಾಯಿತು. ನಾನು ಅಂಥದೇ ಮನೆಯಿಂದ ಬಂದವನು. ಅವರೆಲ್ಲ ಚೇತರಿಸಿಕೊಂಡದ್ದು ದೋಣಿಗಾಡಿಯ ದೀಪದಿಂದಲೋ, ಕುಂಚದ ಸಾಧನೆಯಿಂದಲೋ, ಚಹಾದಿಂದಲೋ, ಪಕ್ಕದಲ್ಲಿ ಜನ ಇದ್ದುದರಿಂದಲೋ ಗೊತ್ತಿಲ್ಲ. ಅದನ್ನು ಗೊತ್ತುಮಾಡಬೇಕಿದ್ದ ಪ್ರಯೋಗವನ್ನೇ ಅವರು ರಿಪೇರಿ ಮಾಡಿದ್ದರು.

ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಪ್ರೊಫೆಸರ್ ಥಾರ್ಪ್‌ಗೆ ಒಪ್ಪಿಸಿದೆ. ಏಳು ವಾರದ ಅಂಕಿಅಂಶಗಳು ಕಸದ ಬುಟ್ಟಿಗೆ ಹೋದವು. ಪ್ರಯೋಗ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸಲು ವಿಶ್ವವಿದ್ಯಾಲಯದ ಸಮಿತಿ ಕೂರುವ ಮುಂಚಿನ ದಿನ ಕ್ಲಾರಿಯಿಂದ ಒಂದು ಪತ್ರ ಬಂತು. 'ತಪ್ಪು ಹುಡುಗನದಲ್ಲ, ನಮ್ಮದು. ದಯವಿಟ್ಟು ಮೊದಲಿನಿಂದ ಶುರು ಮಾಡಿ. ಈ ಸಲ ಬಿಚ್ಚುವುದಿಲ್ಲ. ಬಹುಶಃ.'

ಪ್ರೊಫೆಸರ್ ಅದನ್ನು ಓದಲಿಲ್ಲ, ಅಳತೆಪಟ್ಟಿ ಇಟ್ಟು ಅಳೆದರು. ಮೊದಲ ಅಕ್ಷರ ದ್ರಾಕ್ಷಿಯಷ್ಟು. ಮೂರನೆಯ ಸಾಲಿನ ಕೊನೆಯದೂ ದ್ರಾಕ್ಷಿಯಷ್ಟು. 'ಬಹುಶಃ' ಮಾತ್ರ ಚೂರು ಸಣ್ಣದು.

"ಇದು ಪುರಾವೆಯಲ್ಲ," ಎಂದರು ಅವರು.

"ಅಲ್ಲ," ಎಂದೆ.

"ಆದ್ರೆ ಇನ್ನೊಂದು ಸಲ ಸರಿಯಾಗಿ ನೋಡೋಕೆ ಇಷ್ಟು ಸಾಕು. ಹೊಸ ಜನ, ಹೊಸ ಬಕೆಟ್, ಬೇರೆ ಬೇರೆ ಊರು. ಶೆಡ್‌ನಿಂದ ಒಬ್ಬರಿಗಿಂತ ಹೆಚ್ಚು ಬೇಡ. ಮತ್ತೆ ಡೇರಿಲ್, ಬಕೆಟ್ಟಿನ ಮೇಲೆ ದೂರದಿಂದಲೂ ಓದೋ ಹಾಗೆ ಎಚ್ಚರಿಕೆ ಬರೆಸಿ."

ಮನೆಯಲ್ಲಿ ಇದನ್ನು ಹೇಳಿ, ಅದಕ್ಕೆ ಯಾರು ಸರಿ ಎಂದು ನಾನು ಯೋಚಿಸುವ ಮೊದಲೇ ರೋಸ್ ಕ್ಲಾರಿಯವರಿಗೆ ಫೋನ್ ಮಾಡಿ ಮಾತಾಡಿಬಿಟ್ಟಿದ್ದಳು.

ಈಗ ಕ್ಲಾರಿ ಬಾಕ್ಸ್‌ಹಾಲ್ ಪ್ರತಿ ಮಂಗಳವಾರ ನಮ್ಮ ಪ್ರಯೋಗಾಲಯಕ್ಕೆ ಬಂದು, ಪೂರ್ತಿ ಒಂದು ಕಪ್ ಚಹಾ ಕುಡಿದು, ಹೊಸ ಬಕೆಟ್‌ಗಳ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ 'ಕೆಟ್ಟಿಲ್ಲ, ಬಿಚ್ಚಬೇಡಿ' ಎಂದು ಬರೆಯುತ್ತಾರೆ.