ಹಾಸ್ಟೆಲಿನ ಮಂಚ

ಪತ್ರ ಪುಟ್ಟಿಯ ಕೈಯಲ್ಲೇ ಉಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಅದು ಅತ್ತಿಗೆಯ ಕೈಗೆ ಸಿಕ್ಕಿತು. ಅತ್ತಿಗೆ ಯಾವುದನ್ನೂ ಮೆಲ್ಲಗೆ ಓದಿದವಳಲ್ಲ.

"ನಮ್ಮ ಪುಟ್ಟಿಗೆ ಮೆಡಿಕಲ್ ಸೀಟು ಸಿಕ್ತು!"

"ಮೆಡಿಕಲ್ ಅಲ್ಲ ಅತ್ತಿಗೆ, ಮೆಡಿಕಲ್ ಅಸಿಸ್ಟೆಂಟ್ ತರಬೇತಿ," ಎಂದು ಪುಟ್ಟಿ ತಿದ್ದುವಷ್ಟರಲ್ಲಿ ಸುದ್ದಿ ಮೂರು ಮಹಡಿ ಹತ್ತಿ ಇಳಿದಿತ್ತು.

ಇಪ್ಪತ್ತೇಳು ತುಂಬಿದರೂ ಕಟ್ಟಡಕ್ಕೆಲ್ಲ ಅವಳು ಪುಟ್ಟಿಯೇ. ಪತ್ರ ನಾಲ್ಕು ದಿನ ತಡವಾಗಿ ಬಂದಿತ್ತು. ಅಂಕಪಟ್ಟಿ, ಫೋಟೊ, ಆರೋಗ್ಯವಾಗಿದ್ದಾಳೆಂದು ಡಾಕ್ಟರ ಸಹಿ, ಇಷ್ಟನ್ನು ಹಿಡಿದು ಆ ಸಂಜೆ ಐದರೊಳಗೆ ಹೋಗಿ ಸೇರಬೇಕು. ಕೊನೆಯ ಸಾಲನ್ನು ಅವಳು ಏಳು ಸಲ ಓದಿದ್ದಳು: ಹಾಸ್ಟೆಲಿನಲ್ಲಿ ಒಂದು ಮಂಚ ಕೊಡಲಾಗುವುದು.

ಒಂಬತ್ತು ವರ್ಷದಿಂದ ಅವಳ ಹಾಸಿಗೆ ಅಣ್ಣನ ಹೊಲಿಗೆ ಯಂತ್ರದ ಪಕ್ಕದ ಸಂದಿಯಲ್ಲಿ. ನಿದ್ದೆಯಲ್ಲಿ ಕಾಲು ಚಾಚಿದರೆ ಪೆಡಲಿಗೆ ತಾಗಿ ಯಂತ್ರ ಕಟಕಟನೆ ಗಾಳಿಗೆ ಹೊಲಿಗೆ ಹಾಕುತ್ತಿತ್ತು.

ಕ್ಲಿನಿಕ್ಕಿಗೆ ಹೊರಟವಳ ಹಿಂದೆಯೇ ಮೇಲ್ಮನೆ ಅಜ್ಜಿ ಮಂಡಿ ಹಿಡಿದುಕೊಂಡು ಬಂದಳು.

"ಏನೇ, ಡಾಕ್ಟ್ರಾಗ್ತೀಯಂತೆ! ಈ ಮಂಡೀಲಿ ಏನೋ ಲಟಕ್ ಅನ್ನುತ್ತೆ, ಸ್ವಲ್ಪ ಕಿವಿಯಿಟ್ಟು ಕೇಳು."

"ನಾನಿನ್ನೂ ಸೇರೇ ಇಲ್ಲ ಅಜ್ಜಿ."

"ಸೇರೋಕ್ ಮುಂಚೇನೇ ಇಷ್ಟು ಜಂಬ!"

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದರು. "ಬಿ.ಪಿ. ನೂರಾ ಅರವತ್ತು! ಓಡಿ ಬಂದ್ಯೇನಮ್ಮ? ಹೀಗಿದ್ರೆ ನಾನು ಸಹಿ ಹಾಕಲ್ಲ. ಅರ್ಧ ಗಂಟೆ ಬೆಂಚಿನ ಮೇಲೆ ಸುಮ್ಮನೆ ಕೂತ್ಕೊ."

ಸುಮ್ಮನೆ ಕೂರುವುದೆಲ್ಲಿ? ಅಜ್ಜಿ ಬೆಂಚಿನವರಿಗೆಲ್ಲ ಅವಳ ಪರಿಚಯ ಮಾಡಿಸಿಬಿಟ್ಟಳು. ಒಬ್ಬ ನಾಲಿಗೆ ಚಾಚಿದ. ಇನ್ನೊಬ್ಬ ಕಾಲಿನ ಹೆಬ್ಬೆರಳನ್ನು ಅವಳ ಮೂಗಿನವರೆಗೆ ಎತ್ತಿದ. ಮೂರನೆಯವಳು ಡಾಕ್ಟರ ಚೀಟಿಯನ್ನೇ ಮುಂದೆ ಹಿಡಿದು, "ಇವರು ಕೊಟ್ಟಿರೋದು ಸರಿಯಾಗಿದೆಯಾ ನೋಡು ತಾಯಿ," ಎಂದು ಪಿಸುಗುಟ್ಟಿದಳು. ಪುಟ್ಟಿಯ ಕಣ್ಣು ಮಾತ್ರ ಗೋಡೆಯ ಗಡಿಯಾರ ಬಿಟ್ಟು ಕದಲಲಿಲ್ಲ. ಡಾಕ್ಟರು ಎರಡನೆಯ ಸಲ ನೋಡಿದರೆ ಒತ್ತಡ ಉಕ್ಕುವ ಹಾಲಿನ ಹಾಗೆ ಇನ್ನೂ ಮೇಲೆ.

ಡಾಕ್ಟರಿಗೆ ರೋಗದ ಮೂಲ ತಿಳಿಯಿತು. ಅವಳನ್ನು ಔಷಧದ ಡಬ್ಬಗಳಿರುವ ಒಳಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ಒಂಬತ್ತು ವರ್ಷದಲ್ಲಿ ಸಿಗದ ನೆಮ್ಮದಿ ಆ ಡಬ್ಬಗಳ ನಡುವೆ ಸಿಕ್ಕಿತು. ಒತ್ತಡ ಎಷ್ಟು ಇಳಿಯಿತೆಂದರೆ, "ಈಗ ತೀರಾ ಕಮ್ಮಿ ಆಯ್ತಲ್ಲಮ್ಮ!" ಎಂದು ಗೊಣಗುತ್ತಲೇ ಅವರು ಸಹಿ ಹಾಕಿದರು.

ಆಗ ನಾಲ್ಕು ಗಂಟೆ. ಅಂಕಪಟ್ಟಿ ಮನೆಯಲ್ಲೇ ಉಳಿದಿತ್ತು. ತೆಗೆದುಕೊಂಡು ಧಡಧಡ ಇಳಿಯುವಾಗ ಮೆಟ್ಟಿಲಿಗೆ ಅಡ್ಡವಾಗಿ ಕೆಳಮನೆಯ ಹೆಡ್‌ಕ್ಲರ್ಕ್ ತಾತ ನಿಂತಿದ್ದರು. ನಿವೃತ್ತರಾಗಿ ಹತ್ತು ವರ್ಷವಾದರೂ ಅರ್ಜಿ ಬರೆಯುವ ಚಟ ಅವರನ್ನು ಬಿಟ್ಟಿರಲಿಲ್ಲ.

"ಒಂದು ಸಹಿ ಹಾಕಮ್ಮ. ಕಟ್ಟಡದವರೆಲ್ಲ ಹಾಕಿದಾರೆ. ಮೇಲಿನ ಜಾಗ ನಿನಗೇ ಅಂತ ಬಿಟ್ಟಿದೀನಿ."

"ಏನಿದು ತಾತ?"

"ಎಲ್ಲ ನಿನ್ನ ಒಳ್ಳೇದಕ್ಕೇ. ಓದಿ ಹೇಳ್ಲಾ? ಮೂರೇ ಪುಟ."

ಮೂರು ಪುಟ ಎಂದದ್ದೇ ತಡ, ಪುಟ್ಟಿ ಸಹಿ ಗೀಚಿದಳು. ತಾತ ಅದನ್ನು ಲಕೋಟೆಗೆ ಹಾಕಿ, ಅಂಟಿಸಿ, "ಇದನ್ನೂ ಅಲ್ಲೇ ಕೊಟ್ಟುಬಿಡು," ಎಂದು ಅವಳ ಕೈಗಿತ್ತರು.

ಐದಕ್ಕೆ ನಾಲ್ಕು ನಿಮಿಷವಿರುವಾಗ ಅವಳು ಏದುಸಿರು ಬಿಡುತ್ತ ತರಬೇತಿ ಕೇಂದ್ರದ ಕಿಟಕಿಯ ಮುಂದೆ ನಿಂತಳು. ಗುಮಾಸ್ತೆ ಕಾಗದಗಳನ್ನೆಲ್ಲ ನೋಡಿ ತಲೆಯಾಡಿಸಿದಳು. ಲಕೋಟೆ ಒಡೆದು ಓದುತ್ತಾ ಹೋದಂತೆ ಅವಳ ಮುಖ ಅರಳಿತು.

"ತುಂಬಾ ಉಪಕಾರವಾಯ್ತು ನಿಮ್ಮಿಂದ! ಮಂಚಕ್ಕೆ ಹನ್ನೆರಡು ಜನ ಕಾಯ್ತಾ ಇದಾರೆ. ಹಾಸ್ಟೆಲ್ ಬೇಡ, ಮನೇಲೇ ಇದ್ದು ನಮ್ಮ ಕಟ್ಟಡದವರ ಸೇವೆ ಮಾಡ್ತಾನೇ ಕಲೀತೀನಿ ಅಂತ ಯಾರು ಬರೆದುಕೊಡ್ತಾರೆ ಹೇಳಿ?"

"ನಾನು ಹಾಗೆಲ್ಲ..."

"ಮೊದಲನೇ ಸಹಿ ನಿಮ್ಮದೇ ಅಲ್ವಾ?"

ಠಪ್ಪೆಂದು ಮುದ್ರೆ ಬಿತ್ತು. ಗಡಿಯಾರ ಐದು ಹೊಡೆಯಿತು. ಕಿಟಕಿ ಮುಚ್ಚಿತು.

ಪುಟ್ಟಿ ಕಾಲೆಳೆದುಕೊಂಡು ಮನೆಗೆ ಬಂದಾಗ ಬಾಗಿಲಿನಿಂದ ಬೀದಿಯವರೆಗೆ ಸಾಲು ನಿಂತಿತ್ತು. ಹೆಡ್‌ಕ್ಲರ್ಕ್ ತಾತ ಚೀಟಿ ಹಂಚುತ್ತಿದ್ದರು. ಒಳಗೆ, ಸಂದಿಯಲ್ಲಿ, ಅವಳ ಹಾಸಿಗೆಯ ಮೇಲೆ ಮೇಲ್ಮನೆ ಅಜ್ಜಿ ಆರಾಮವಾಗಿ ಮಲಗಿದ್ದಳು.

"ಬಂದ್ಯಾ? ನನ್ನದು ಒಂದನೇ ನಂಬರು," ಎಂದು ಅಜ್ಜಿ ನೋವಿನ ಕಾಲು ಚಾಚಿದಳು.

ಯಂತ್ರ ಕಟಕಟ ಎಂದಿತು.